ಗೂಡಿನ ಬಾಯಿಯ ಗುರುತು

ಹೋದ ವಾರ ಕೋಲಾರದಲ್ಲಿ ಒಬ್ಬ ಎಳೆಯ ಡಾಕ್ಟರು ನನ್ನ ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟ. ಕೆಮ್ಮು ಬಿಡದೆ ಕಾಡುತ್ತಿತ್ತು. ತಮ್ಮನ ಮಗ ಬಲವಂತ ಮಾಡಿ ಕರೆದುಕೊಂಡು ಹೋಗಿದ್ದ. ಉಸಿರು ಎಳೀರಿ, ಬಿಡಿ ಎನ್ನುತ್ತಿದ್ದ. ಅವನ ಬೆರಳು ನನ್ನ ಎರಡು ಹೆಗಲ ಮೂಳೆಗಳ ನಡುವೆ ಒಂದು ಕಡೆ ನಿಂತಿತು.

"ಇದೇನಜ್ಜಿ, ಬೆನ್ನ ಮೇಲೆ ಬೆಳ್ಳಗೆ? ಹಳೇ ಚರ್ಮರೋಗಾನಾ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅವನ ಪೆನ್ನು ಚೀಟಿಯ ಮೇಲೆ ಓಡುತ್ತಿತ್ತು. ನಾನೂ ಡಾಕ್ಟರೇ ಎಂದು ಅವನಿಗೆ ಗೊತ್ತಿರಲಿಲ್ಲ, ಪಾಪ. "ಪೆನ್ನು ಕೆಳಗಿಡಪ್ಪ. ಮೊದಲು ನೋಡು, ಆಮೇಲೆ ಕೇಳು, ಕೊನೆಗೆ ಬರಿ" ಎಂದೆ. ಅವನು ನಕ್ಕ. ಹೊರಗೆ ಜನ ಕಾಯುತ್ತಿದ್ದಾರೆ ಎಂದ. ಮುದುಕಿಯರ ಮಾತನ್ನು ಪಕ್ಕಕ್ಕೆ ಸರಿಸುವಾಗ ಎಲ್ಲರೂ ನಗುವ ನಗು ಅದು. ಬಸ್ಸಿನಲ್ಲಿ ಮನೆಗೆ ಬರುವವರೆಗೂ ನನ್ನ ಸಿಟ್ಟು ಇಳಿಯಲಿಲ್ಲ. ತಮ್ಮನ ಮಗ, "ಬಿಡತ್ತೆ, ಒಂದು ಮಾತು ಬರೆದ್ರೆ ಏನಾಯ್ತು" ಎಂದ. ಏನಾಯಿತು ಎನ್ನುವುದನ್ನೇ ಬರೆಯಲು ಕೂತಿದ್ದೇನೆ.

ನಲವತ್ತಮೂರನೇ ಇಸವಿ. ಎಲ್.ಎಂ.ಪಿ. ಎಂಬ ಡಾಕ್ಟರಿ ಓದು ಮುಗಿಸಿ ಮಾಲೂರಿಗೆ ಬಂದಾಗ ನನಗೆ ಮದುವೆಯೂ ಆಗಿರಲಿಲ್ಲ, ಆಗುವ ಲಕ್ಷಣವೂ ಇರಲಿಲ್ಲ. ನಾಲಿಗೆಗೆ ಮೂಳೆ ಇಲ್ಲದ ಹುಡುಗಿ ಎಂದು ನಮ್ಮ ಅಮ್ಮನೇ ಊರೆಲ್ಲ ಹೇಳಿಕೊಂಡು ಬಂದಿದ್ದರು. ನನಗೆ ಕೆಲಸ ಸಿಕ್ಕಿದ್ದು ಅಲ್ಲಿನ ಒಂದು ಧರ್ಮಾಸ್ಪತ್ರೆಯಲ್ಲಿ. ಸಾಹುಕಾರ್ ಗೋವಿಂದಪ್ಪನವರು ತಾಯಿಯ ನೆನಪಿಗೆ ಕಟ್ಟಿಸಿದ್ದು. ಅವರದು ಊರಾಚೆ ಇಟ್ಟಿಗೆ ಮತ್ತು ಹೆಂಚಿನ ಕಾರ್ಖಾನೆ. ಆಸ್ಪತ್ರೆಯ ಗೋಡೆಯ ಪ್ರತಿ ಇಟ್ಟಿಗೆಯೂ ಅವರದೇ ಗೂಡಿನಲ್ಲಿ ಸುಟ್ಟಿದ್ದು. ಅದನ್ನು ಅವರು ಬಂದವರಿಗೆಲ್ಲ ಹೇಳುತ್ತಿದ್ದರು. ನನ್ನ ಮೇಲಿನ ಡಾಕ್ಟರು ಶ್ರೀಕಂಠಯ್ಯನವರು, ನಶ್ಯದ ಡಬ್ಬಿ ಬಿಟ್ಟರೆ ಇನ್ನಾವ ಚಟವೂ ಇಲ್ಲದ ವಯಸ್ಸಾದ ಸಜ್ಜನರು. ಯಾವುದನ್ನೂ ಹೌದು ಎನ್ನರು, ಅಲ್ಲ ಎನ್ನರು; ಮಾತೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ.

ಆ ಬೇಸಿಗೆ ಮಾಲೂರಿನ ಗಾಳಿಯಲ್ಲಿ ಹಗಲೆಲ್ಲ ಸುಟ್ಟ ಮಣ್ಣಿನ ವಾಸನೆ. ಯುದ್ಧದ ಕಾಲ, ಎಲ್ಲೆಲ್ಲೋ ಸೋಲ್ಜರುಗಳಿಗೆ ಬ್ಯಾರಕ್ಕು ಎಬ್ಬಿಸುತ್ತಿದ್ದರು, ಇಟ್ಟಿಗೆ ಎಷ್ಟು ಬಂದರೂ ಸಾಲದು. ಗೂಡುಗಳನ್ನು ಆರಲು ಬಿಡುತ್ತಿರಲಿಲ್ಲ. ಒಗೆದು ಹರಡಿದ ಬಟ್ಟೆ ಒಣಗುವಷ್ಟರಲ್ಲಿ ಕೆಂಪು ಧೂಳು ಕೂತು ಮತ್ತೆ ಒಗೆಯಬೇಕಾಗುತ್ತಿತ್ತು.

ಕಾರ್ಖಾನೆಯ ಹೆಂಗಸರು ಮಧ್ಯಾಹ್ನ ಊಟದ ಹೊತ್ತಿಗೆ ಆಸ್ಪತ್ರೆಯ ಔಷಧಿ ಕಿಟಕಿಯ ಮುಂದೆ ನಿಲ್ಲುತ್ತಿದ್ದರು. ಮೈತುಂಬ ಸೆರಗು ಹೊದ್ದು, ತಲೆ ತಗ್ಗಿಸಿ, "ಬೆನ್ನುರಿ" ಎನ್ನುತ್ತಿದ್ದರು. ಕಾಂಪೌಂಡರು ಒಳಗಿನಿಂದ ಒಂದು ಎಲೆಯ ಮೇಲೆ ಕಜ್ಜಿಗೆ ಹಚ್ಚುವ ಗಂಧಕದ ಮುಲಾಮು ಇಟ್ಟು ಕೊಡುತ್ತಿದ್ದ. ಗಂಡಸು, ಹೆಂಗಸಿನ ಬೆನ್ನು ನೋಡುವಂತಿಲ್ಲ. ಹೆಂಗಸು, ಗಂಡಸಿಗೆ ತೋರಿಸುವಂತಿಲ್ಲ. ನೋಡದೆಯೇ ಕಾಯಿಲೆಗೆ ಹೆಸರು, ಹೆಸರಿಗೆ ನಂಬರು. ನಮ್ಮಲ್ಲಿ ಒಂದು ಅಚ್ಚಾದ ಪಟ್ಟಿ ಇತ್ತು. ಪ್ರತಿ ಕಾಯಿಲೆಗೂ ಒಂದು ನಂಬರು, ರೋಗಿಯ ಚೀಟಿಯ ಮೇಲೂ ಅದೇ, ತಿಂಗಳ ಕೊನೆಗೆ ಕೋಲಾರದ ಜಿಲ್ಲಾ ಕಚೇರಿಗೆ ಹೋಗುವ ಲೆಕ್ಕದಲ್ಲೂ ಅದೇ. ಚರ್ಮರೋಗ ಇಪ್ಪತ್ತೆರಡು. ಪೆಟ್ಟು, ಗಾಯ ಮೂವತ್ತೊಂದು. ಗೂಡಿನ ಹೆಂಗಸರಿಗೆಲ್ಲ ಕಣ್ಣು ಮುಚ್ಚಿ ಇಪ್ಪತ್ತೆರಡು ಹಾಕುತ್ತಿದ್ದರು. ನಾನು ಬರುವ ಮೊದಲೇ ಅದು ಅಲ್ಲಿನ ರೂಢಿಯಾಗಿತ್ತು.

ಯುಗಾದಿ ಕಳೆದ ಮೇಲೆ ಒಂದು ದಿನ ಕಾಂಪೌಂಡರು ರಜಾ ಹಾಕಿದ್ದ. ಕಿಟಕಿಯಲ್ಲಿ ನಾನೇ ನಿಂತಿದ್ದೆ. ಮುನಿಯಮ್ಮ ಎಂಬ ನಡುವಯಸ್ಸಿನ ಹೆಂಗಸು ಬಂದು, "ಮುಲಾಮ್ ಬ್ಯಾಡಮ್ಮಾ, ಬೇರೆ ಏನಾದ್ರೂ ಕೊಡು. ಅದು ಹಚ್ಚಿದ್ರೆ ಪ್ರಾಣ ಹೋಗ್ತದೆ" ಎಂದಳು.

"ಒಳಗೆ ಬಾ, ಬೆನ್ನು ತೋರಿಸು" ಎಂದೆ.

ಅವಳು ಬೆಚ್ಚಿ ಹಿಂದೆ ಸರಿದಳು. ಆಸ್ಪತ್ರೆಯಲ್ಲಿ ಅವಳಿಗೆ ಹಾಗೆ ಹೇಳಿದವರು ನಾನೇ ಮೊದಲು. ಹೆರಿಗೆ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ. ಆ ಕಾಲದ ಕೂಲಿ ಹೆಂಗಸರಿಗೆ ರವಿಕೆ ಎಲ್ಲಿಯದು, ಸೆರಗು ಇಳಿಸಿದಳು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಎನ್ನುತ್ತಾರೆ. ಬೆನ್ನಿನ ಹುಣ್ಣಿಗೆ ಕನ್ನಡಿಯೂ ಸಾಲದು, ಇನ್ನೊಬ್ಬರ ಕಣ್ಣೇ ಬೇಕು. ನಾನು ನೋಡಿದೆ, ನೋಡಿ ಕಾಂಪೌಂಡರನ್ನು ಮನಸಾರೆ ಬೈದೆ.

ಕಜ್ಜಿ ಬೆರಳ ಸಂದಿಯಲ್ಲಿ, ಸೊಂಟದ ಸುತ್ತ ಹುಟ್ಟುತ್ತದೆ; ಬೆನ್ನ ಮೇಲ್ಭಾಗದ ನಟ್ಟನಡುವೆ ಅಂಗೈ ಅಗಲದ ಜಾಗ ಹುಡುಕಿಕೊಂಡು ಬಂದು ಕೂರುವುದಿಲ್ಲ. ಇದು ತರಚು ಗಾಯ. ಮೇಲಿನ ಚರ್ಮ ಸುಲಿದು, ರಸ ಒಸರಿ, ಅದರ ಮೇಲೆ ಗಂಧಕ ಹತ್ತಿ ಕೆಂಡದಂತಾಗಿತ್ತು. ಬೆತ್ತದ ಏಟಾದರೆ ಎರಡು ಗೆರೆ ಜೋಡಿಯಾಗಿ ಮೂಡುತ್ತವೆ, ಅವು ಇರಲಿಲ್ಲ. ಬಿದ್ದಿದ್ದರೆ ಮೊಣಕೈ ತರಚಬೇಕಿತ್ತು, ಅದೂ ಇಲ್ಲ. ಸುಲಿದ ಚರ್ಮವೆಲ್ಲ ಗಾಯದ ಕೆಳ ಅಂಚಿನಲ್ಲಿ ಮುದುಡಿ ಸೇರಿತ್ತು, ಗೆಣಸು ಹೆರೆದಾಗ ಸಿಪ್ಪೆ ಒಂದು ಕೊನೆಗೆ ಸೇರುವ ಹಾಗೆ. ಎಂದರೆ ಉಜ್ಜಿದ ವಸ್ತು ಕತ್ತಿನ ಕಡೆಯಿಂದ ಸೊಂಟದ ಕಡೆಗೆ ಹಾದಿದೆ. ಹೆಂಗಸು ತಲೆ ಮುಂದೆ ಮಾಡಿ, ಬಗ್ಗಿ, ಏನೋ ಒಂದರ ಕೆಳಗೆ ನುಗ್ಗಿದ್ದಾಳೆ. ಗಾಯದೊಳಗೆ ಕೆಂಪು ಪುಡಿ ಬೇರೆ ಕೂತಿತ್ತು.

"ಎಲ್ಲಿ ತಗುಲಿಸ್ಕೊಂಡೆ?"

"ಗೂಡಿನ ಬಾಯಿ ಕಣಮ್ಮ. ನಮ್ಮೆಲ್ರಿಗೂ ಹಿಂಗೇ. ಗೂಡಿನ ದೇವಿ, ಆ ತಾಯಿಗೆ ಸರಿಯಾಗಿ ತಲೆ ಬಗ್ಗಿಸ್ಲಿಲ್ಲ ಅಂದ್ರೆ ಹಿಂಗೆ ಬರೆ ಹಾಕ್ತಾಳೆ ಅಂತಾರೆ."

ಕಾಯಿಸಿ ಆರಿಸಿದ ಉಪ್ಪುನೀರಿನಲ್ಲಿ ಗಾಯ ತೊಳೆದೆ. ಮುಲಾಮು ಒರೆಸಿ, ಇಕ್ಕಳದಿಂದ ಇಟ್ಟಿಗೆಯ ಹರಳನ್ನು ಒಂದೊಂದಾಗಿ ಹೆಕ್ಕಿದೆ. ಒಳಗೇ ಬಿಟ್ಟರೆ ಕೀವು ಕಟ್ಟುತ್ತದೆ, ಇಲ್ಲವೇ ಹಚ್ಚೆಯ ಹಾಗೆ ಉಳಿದುಹೋಗುತ್ತದೆ. ಕೆಂಪು ಔಷಧಿ ಹಚ್ಚಿ ಮೇಲೆ ತೆಳು ಬಟ್ಟೆ ಇಟ್ಟೆ. ಮೇಲ್ಬೆನ್ನಿನಲ್ಲಿ ಪಟ್ಟಿ ನಿಲ್ಲುವುದೇ ಕಷ್ಟ. ಕಂಕುಳ ಕೆಳಗಿನಿಂದ ತಂದು ಎದುರು ಹೆಗಲ ಮೇಲೆ ಹಾಯಿಸಿ ಕಟ್ಟಬೇಕು. ಅವಳು ಒಂದು ಸಲವೂ ಕೂಗಲಿಲ್ಲ. ಆಮೇಲೆ ಅವಳ ಚೀಟಿಯ ಮೇಲೆ ಮೂವತ್ತೊಂದು ಎಂದು ಬರೆದೆ.

ಮುನಿಯಮ್ಮ ಓದಿದವಳಲ್ಲ, ಆದರೆ ಅಂಕಿಯ ಆಕಾರ ಬೇರೆ ಎಂದು ಗುರುತಿಸಿದಳು. "ಇದೇನಮ್ಮ, ಬೇರೆ ಬರ್ದಿದ್ದೀಯ?"

"ಮೊದಲಿನದು ಚರ್ಮರೋಗ. ಇದು ಗಾಯ."

ಅವಳು ಚೀಟಿಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಆಮೇಲೆ ಅವಳ ಕಣ್ಣಲ್ಲಿ ನೀರು ಬಂತು. ಇಕ್ಕಳ ಹಾಕಿದಾಗ ಬಾರದಿದ್ದ ನೀರು. ಅವಳ ಮಗಳು ಲಚ್ಚಿಯೂ ಅದೇ ಗೂಡಿನಲ್ಲಿ ದುಡಿಯುತ್ತಿದ್ದಳಂತೆ. ಶ್ರೀನಿವಾಸಪುರದ ಕಡೆ ಗೌನಿಪಲ್ಲಿಯಲ್ಲಿ ಗಂಡು ಗೊತ್ತಾಗಿ ವೀಳ್ಯ ಆಗಿತ್ತು. ಲಚ್ಚಿ ಒಂದು ದಿನ ರಜಾ ಕೇಳಲು ಆಸ್ಪತ್ರೆಯ ಚೀಟಿ ತೋರಿಸಿದಾಗ ಕಾರ್ಖಾನೆಯ ಗುಮಾಸ್ತ ಎಲ್ಲರ ಎದುರಿಗೆ, "ಇಪ್ಪತ್ತೆರಡು, ಚರ್ಮರೋಗ" ಎಂದು ಓದಿದ. ಗಾಯ ಮಾಗಿದ ಜಾಗ ಬೇರೆ ಬೆಳ್ಳಗಾಗಿತ್ತು. ಚರ್ಮರೋಗ ಎಂಬ ಮಾತು ಮಾಲೂರಿನಿಂದ ಗೌನಿಪಲ್ಲಿಗೆ ಹೋಗುವಷ್ಟರಲ್ಲಿ ಕುಷ್ಠವಾಗಿತ್ತು. ಗಂಡಿನ ಕಡೆಯವರು ಸದ್ಯಕ್ಕೆ ಮದುವೆ ನಿಲ್ಲಲಿ ಎಂದು ಹೇಳಿ ಕಳಿಸಿದ್ದರು. ಬಾವಿಯ ಹತ್ತಿರ ಲಚ್ಚಿಯ ಬಿಂದಿಗೆಯ ಪಕ್ಕ ಬಿಂದಿಗೆ ಇಡುವುದನ್ನೂ ಜನ ಬಿಟ್ಟಿದ್ದರು.

"ಎಲ್ಲಾ ಹೆಂಗಸ್ರನ್ನೂ ಕರ್ಕೊಂಡು ಬಾ" ಎಂದೆ ನಾನು. "ಮೊದಲು ಲಚ್ಚಿಯನ್ನು."

ಮಾರನೆಯ ದಿನದಿಂದ ಹೆರಿಗೆ ಕೋಣೆಯ ಹಿಂದಿನ ಜಗಲಿ ತುಂಬಿಹೋಯಿತು. ತನ್ನ ಬೆನ್ನಿಗೆ ತಾನೇ ಪಟ್ಟಿ ಕಟ್ಟಿಕೊಳ್ಳಲು ಯಾರಿಗೂ ಸಾಧ್ಯವಿಲ್ಲವಲ್ಲ. ಅದಕ್ಕೆ ಅವರಿಗೇ ಕಲಿಸಿದೆ. ಒಬ್ಬಳ ಹಿಂದೆ ಒಬ್ಬಳು, ಮಧ್ಯಾಹ್ನ ಹೇನು ನೋಡುವವರ ಸಾಲಿನ ಹಾಗೆ ಕೂತು, ಮುಂದಿನವಳ ಬೆನ್ನು ತೊಳೆದು ಔಷಧಿ ಹಚ್ಚುತ್ತಿದ್ದರು. ಮಾತು, ನಗು, ಸಾಹುಕಾರರ ನಡಿಗೆಯ ಅಣಕ ಎಲ್ಲ ನಡೆಯುತ್ತಿತ್ತು. ಹೋಗುವಾಗ ಒಬ್ಬೊಬ್ಬರೂ ಚೀಟಿ ಚಾಚಿ, "ನಂಗೂ ಮೂವತ್ತೊಂದು ಹಾಕಮ್ಮ" ಎನ್ನುತ್ತಿದ್ದರು. ಎಲ್ಲ ಬೆನ್ನಿನಲ್ಲೂ ಗಾಯ ಅದೇ ಜಾಗದಲ್ಲಿ, ಎಲ್ಲದರ ಸಿಪ್ಪೆಯೂ ಕೆಳಗಿನ ಅಂಚಿನಲ್ಲೇ.

ಗೂಡನ್ನು ನೋಡದೆ ಬಿಡುವ ಜಾಯಮಾನ ನನ್ನದಲ್ಲ. ಹೋದೆ. ಮನೆಯಷ್ಟು ದೊಡ್ಡ ಇಟ್ಟಿಗೆಯ ಗೂಡು, ಮುಂದೆ ಕಮಾನಿನ ಬಾಯಿ. ಸುಡುವಾಗ ಬಾಯಿಯನ್ನು ಇಟ್ಟಿಗೆ ಮಣ್ಣಿನಿಂದ ಮುಚ್ಚುತ್ತಾರೆ, ಬೆಂದ ಮೇಲೆ ಒಡೆದು ತೆಗೆಯುತ್ತಾರೆ. ತೆಗೆದ ದಿನ ಕಮಾನಿಗೆ ಅರಿಶಿನ ಕುಂಕುಮ, ಒಂದು ತೆಂಗಿನಕಾಯಿ. ಬಾಯಿ ನನ್ನ ಎದೆಯ ಎತ್ತರಕ್ಕೂ ಇರಲಿಲ್ಲ. ಬಿಸಿ ಇಟ್ಟಿಗೆ ಹಿಡಿಯಲು ಕೈಗೆ ಬಟ್ಟೆ ಬೇಕು; ಹೆಂಗಸರ ಹತ್ತಿರ ಇದ್ದ ಬಟ್ಟೆ ಸೆರಗೊಂದೇ. ಸೆರಗು ಕೈಗೆ ಸುತ್ತಿಕೊಂಡರೆ ಬೆನ್ನು ಬರಿದು. ಇಟ್ಟಿಗೆಯ ಅಟ್ಟಿಯನ್ನು ಹೊಟ್ಟೆಗೆ ಅವುಚಿ ಬಗ್ಗಿ ಬರುತ್ತಾರೆ. ಒಳಗಿನ ಧಗೆಗೆ ಉಸಿರು ಕಟ್ಟಿ, ಹೊರಗಿನ ಗಾಳಿ ಮುಖಕ್ಕೆ ತಗುಲುತ್ತಲೇ ಮೈ ತಾನಾಗಿ ನೆಟ್ಟಗಾಗುತ್ತದೆ. ಮುಖ ಹೊರಗೆ ಬಂದಿರುತ್ತದೆ, ಬೆನ್ನು ಇನ್ನೂ ಕಮಾನಿನ ಕೆಳಗೇ ಇರುತ್ತದೆ.

ಗೂಡು ಕಟ್ಟುವ ಬಾಷಾ ಮೇಸ್ತ್ರಿ ಅಲ್ಲೇ ಬೀಡಿ ಸೇದುತ್ತಿದ್ದ. "ಬಾಯಿ ಇಷ್ಟು ಗಿಡ್ಡ ಯಾಕೆ ಸಾಬರೇ?" ಎಂದು ಕೇಳಿದೆ.

"ಸಾಹುಕಾರ್ರು ತಾಯಿಗೆ ಬಗ್ಗಬೇಕು ಅಂತಾರಮ್ಮಾ. ನಮ್ದು ಅಬ್ಬಾಜಾನ್ ಹೇಳ್ತಿದ್ರು, ದೊಡ್ಡ ಬಾಯಿ ಆದ್ರೆ ಮುಚ್ಚೋಕೆ ಜಾಸ್ತಿ ಹೊತ್ತು ಹಿಡೀತದೆ, ಸೌದೆನೂ ಜಾಸ್ತಿ. ಅಷ್ಟೇ ಬಾತ್." ಅವನು ಸುತ್ತ ನೋಡಿ ದನಿ ತಗ್ಗಿಸಿದ. "ಎತ್ತರ ಮಾಡು ಅಂದ್ರೆ ನಾನು ಮಾಡ್ತೀನಿ. ಅನ್ನೋರು ಬೇಕಲ್ಲ."

ಅನ್ನುವವರು ಬೇಕಾಗಿತ್ತು, ಅಷ್ಟೆ. ನಾನು ಅಂದೆ. ಸಾಹುಕಾರರಿಗೆ ಹೇಳಿ ಕಳಿಸಿದೆ. ಉತ್ತರ ಹೇಳಲು ಅವರೇ ಆಸ್ಪತ್ರೆಗೆ ಬಂದರು. ಬಿಳಿ ಪಂಚೆ, ಕೋಟು, ಮೆಲುದನಿ. ಗೋವಿಂದಪ್ಪನವರು ಯಾರನ್ನೂ ಗದರಿದವರಲ್ಲ, ಅದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಬಡವರ ಹೆರಿಗೆಗೆ ಗಂಜಿ, ತುಪ್ಪ ಅವರ ಮನೆಯಿಂದಲೇ ಬರುತ್ತಿತ್ತು.

"ನೋಡಮ್ಮ, ಬಾಯಿ ವಿಚಾರ ಆಮೇಲೆ. ಮೊದಲು ಈ ನಂಬರು. ಒಂದೇ ಜಾಗದಿಂದ ಇಷ್ಟೊಂದು ಪೆಟ್ಟು ಯಾಕೆ ಅಂತ ಕೋಲಾರದಿಂದ ಕೇಳ್ತಾರೆ. ಹಳೇ ನಂಬರೇ ಹಾಕ್ಕೊಂಡು ಹೋಗಿ."

"ಹಳೇದು ಸುಳ್ಳು ನಂಬರು."

"ಬೆನ್ನಿಗೆ ಔಷಧಿ ಬಿದ್ರೆ ಸಾಲದೇ? ನಂಬರಿನಿಂದ ಗಾಯ ವಾಸಿಯಾಗ್ತದೆಯೇ?"

"ಔಷಧಿಯಿಂದ ಈ ವಾರದ ಗಾಯ ವಾಸಿಯಾಗ್ತದೆ ಸಾಹುಕಾರ್ರೇ. ಮುಂದಿನ ವಾರದ್ದು ನಂಬರಿನಿಂದಲೇ ವಾಸಿಯಾಗಬೇಕು."

ಶ್ರೀಕಂಠಯ್ಯನವರು ನಶ್ಯ ಏರಿಸಿ ಕಿಟಕಿಯ ಕಡೆ ತಿರುಗಿದರು. ಸಾಹುಕಾರರು ಹೋದ ಮೇಲೆ ನನ್ನನ್ನು ಕೂರಿಸಿ ನಿಧಾನವಾಗಿ ಹೇಳಿದರು: "ನೀವು ಹೇಳೋದು ತಪ್ಪು ಅಂತ ನಾನು ಹೇಳೋದಿಲ್ಲ. ಆದರೆ ಚರ್ಮಕ್ಕೆ ಆಗಿರೋದು ತಾನೇ, ಚರ್ಮರೋಗ ಅಂದ್ರೂ ತೀರಾ ತಪ್ಪಲ್ಲ. ನಿಮ್ಮ ಕೆಲಸದ ಬಗ್ಗೇನೂ ಯೋಚನೆ ಮಾಡಿ." ನನ್ನ ಮೇಲಿನ ಅಕ್ಕರೆಯಿಂದಲೇ ಹೇಳಿದರು ಎಂದು ಗೊತ್ತಿತ್ತು. ಆದರೂ ಮೈ ಉರಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಗೂಡಿನ ಬಾಯಿ ಗಿಡ್ಡವಾದರೆ ಹೆಂಗಸರ ಚರ್ಮಕ್ಕೆ ರೋಗವಂತೆ. ಅಂದು ಕೂಡ ಬಂದವರಿಗೆಲ್ಲ ಮೂವತ್ತೊಂದನ್ನೇ ಬರೆದೆ, ಸ್ವಲ್ಪ ದಪ್ಪಗೆ ಬರೆದೆ.

ಆದರೆ ನಾನು ಎಷ್ಟು ದಪ್ಪಗೆ ಬರೆದರೂ ಅದು ಗೌನಿಪಲ್ಲಿಗೆ ಕಾಣಿಸಬೇಕಲ್ಲ. ಮುನಿಯಮ್ಮ ಲಚ್ಚಿಯ ಹೊಸ ಚೀಟಿಯನ್ನು ಅಲ್ಲಿಗೆ ಕೊಟ್ಟು ಕಳಿಸಿದಳು. ಮಾವಿನಕಾಯಿ ಬಲಿಯುವ ಹೊತ್ತಿಗೆ ಒಂದು ದಿನ ಗಂಡಿನ ಸೋದರತ್ತೆ ಯರ್ರಮ್ಮ ಖುದ್ದಾಗಿ ಬಂದಿಳಿದಳು. ಗಟ್ಟಿ ಹೆಂಗಸು, ತೆಲುಗು ಬೆರೆತ ಮಾತು. ಗೌನಿಪಲ್ಲಿಯಲ್ಲಿ ಮಾವಿನ ತೋಪು ನೋಡಿಕೊಳ್ಳುವುದೆಲ್ಲ ಅವಳದೇ ಕಾರುಬಾರು, ಮನೆಯಲ್ಲಿ ಅವಳ ಮಾತೇ ಮಾತು. ನೇರ ಆಸ್ಪತ್ರೆಗೆ ಬಂದು ನನ್ನೆದುರು ನಿಂತಳು. ಹಿಂದೆ ಮುನಿಯಮ್ಮ, ಲಚ್ಚಿ.

"ಏಮಮ್ಮಾ ಡಾಕ್ಟ್ರಮ್ಮಾ, ನಿಜ ಹೇಳು. ಮೊದ್ಲು ಇದೇ ಆಸ್ಪತ್ರೆ ರೋಗ ಅಂತ ಬರ್ಕೊಡ್ತು. ಮದ್ವೆ ನಿಂತ ಮೇಲೆ ಇದೇ ಆಸ್ಪತ್ರೆ ಗಾಯ ಅಂತ ಬರ್ಕೊಡ್ತು. ನಾನು ಯಾವ್ದು ನಂಬ್ಲಿ?"

ಕೇಳಬೇಕಾದ ಪ್ರಶ್ನೆಯನ್ನೇ ಕೇಳಿದ್ದಳು. ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ. ಬರೆದವರು ನಾವೇ, ತಿದ್ದಿದವರೂ ನಾವೇ.

"ಬರೆದದ್ದು ನಂಬಬೇಡಿ. ನೋಡಿ ನಂಬಿ" ಎಂದೆ. ಲಚ್ಚಿಯ ಮುಖ ನೋಡಿದೆ. ಅಲ್ಲಿಯವರೆಗೆ ನೆಲ ನೋಡುತ್ತಿದ್ದ ಹುಡುಗಿ ತಲೆ ಎತ್ತಿ, "ತೋರಿಸ್ತೀನಿ ಕಣಮ್ಮ. ನಾನೇನ್ ಕದ್ದಿದ್ದೀನಾ?" ಎಂದಳು. ಒಳಗೆ ಹೋಗಿ ಸೆರಗು ಇಳಿಸಿದಳು. ಯರ್ರಮ್ಮ ಹತ್ತಿರ ಹೋಗಲಿಲ್ಲ, ದೂರದಿಂದಲೇ ಕತ್ತು ಚಾಚಿದಳು.

"ಬೆಳ್ಳಗೆ ಐತಲ್ಲಾ?"

"ಮಾಗಿದ ಗಾಯ ಬೆಳ್ಳಗಾಗ್ತದೆ. ಸೂಜಿ ಮುಟ್ಟಿಸಿದ್ರೆ ಚುರುಕ್ ಅಂತಾಳೆ, ಕುಷ್ಠವಾದ್ರೆ ಅನ್ನೋದಿಲ್ಲ. ಗೂಡಿನ ಬಾಯಿ ತರಚಿದ್ದು ಇದು."

"ಗೂಡಿನ ಬಾಯಿ ಇವ್ಳನ್ನೇ ಹುಡುಕ್ಕೊಂಡು ತರಚ್ತದಾ? ನಿನ್ನ ಯಾಕೆ ತರಚ್ಲಿಲ್ಲ?"

"ನಾನು ಇಟ್ಟಿಗೆ ಹೊರೋದಿಲ್ಲ, ಅದಕ್ಕೆ. ಬನ್ನಿ, ಹೊತ್ತು ತೋರಿಸ್ತೀನಿ."

ಬಾಯಿಂದ ಮಾತು ಬಿತ್ತು. ಬಿದ್ದ ಮೇಲೆ ಎತ್ತಿಕೊಳ್ಳುವುದು ನನಗೆ ಬಾರದು.

ಕಾರ್ಖಾನೆಯಲ್ಲಿ ಅಂದು ಗೂಡು ಬಿಚ್ಚಿದ್ದರು. ಗೋವಿಂದಪ್ಪನವರೂ ಅಲ್ಲೇ ಇದ್ದರು. ನಾನು ಸೆರಗು ಬಿಚ್ಚಿ ಎರಡು ಕೈಗೂ ಸುತ್ತಿಕೊಳ್ಳುವುದನ್ನು ಕಂಡು ಅವರು ಗಾಬರಿಯಿಂದ ಹತ್ತಿರ ಬಂದರು. "ಡಾಕ್ಟರಮ್ಮ, ಇದೇನು ಹುಡುಗಾಟ, ಜನ ನೋಡ್ತಿದ್ದಾರೆ" ಎಂದರು. "ನೋಡ್ಲಿ ಅಂತಲೇ ಸಾರ್" ಎಂದೆ. ಬಾಷಾ ಮೇಸ್ತ್ರಿ ಬೀಡಿ ಎಸೆದು ಎದ್ದು ನಿಂತ. ಹೆಂಗಸರು ಕೆಲಸ ನಿಲ್ಲಿಸಿ ದಾರಿ ಬಿಟ್ಟರು.

ಬೇಕೆಂದೇ ಉಜ್ಜಿಕೊಂಡಳು ಎಂದು ಯಾರೂ ಅನ್ನಬಾರದೆಂದು ಮೈಯೆಲ್ಲ ಎಚ್ಚರವಾಗಿಟ್ಟುಕೊಂಡೆ. ಚೆನ್ನಾಗಿ ಬಗ್ಗಿ ಒಳಗೆ ಹೋದೆ. ಒಳಗಿನ ಧಗೆಯನ್ನು ಈಗಲೂ ಹೇಳಲಾರೆ; ಕಣ್ಣಿನ ನೀರೇ ಆರಿಹೋಗುತ್ತದೆ. ಮೊದಲ ಅಟ್ಟಿ ಹೊತ್ತು ಬಗ್ಗಿಯೇ ಬಂದೆ, ಏನೂ ಆಗಲಿಲ್ಲ. ಯರ್ರಮ್ಮ, "ಚೂಡು, ಏನೂ ಆಗ್ಲಿಲ್ಲ" ಎಂದು ನಕ್ಕಳು. ಮತ್ತೆ ಹೋದೆ, ಬಂದೆ, ಆಗಲೂ ಇಲ್ಲ. ಸಾಹುಕಾರರ ಮುಖದಲ್ಲಿ ಸಣ್ಣ ನಗು ಕಂಡಿತು. ಇವರು ದಿನವಿಡೀ ಮಾಡುವ ಕೆಲಸ ಇದು, ನಾನಿನ್ನೂ ಶುರುಮಾಡಿದ್ದೇನೆ ಎಂದುಕೊಂಡು ಮತ್ತೆ ನುಗ್ಗಿದೆ. ಎಷ್ಟನೆಯ ಸಲವೋ ನೆನಪಿಲ್ಲ. ತೊಡೆ ನಡುಗುತ್ತಿತ್ತು, ಎದೆಯಲ್ಲಿ ಉಸಿರು ಇರಲಿಲ್ಲ. ಬಾಯಿಯ ಹತ್ತಿರ ಮುಖಕ್ಕೆ ತಣ್ಣನೆಯ ಗಾಳಿ ಬಡಿಯಿತು. ಎಚ್ಚರವೆಲ್ಲ ಎಲ್ಲಿ ಹೋಯಿತೋ, ಮೈ ತಾನೇ ಎದ್ದಿತು. ರವಿಕೆ ಪರ್ರೆಂದು ಹರಿದ ಸದ್ದು ಮೊದಲು ಕೇಳಿತು, ಉರಿ ಆಮೇಲೆ ಬಂತು. ಇಟ್ಟಿಗೆ ಕೈಬಿಟ್ಟು ಮೊಣಕಾಲೂರಿದೆ.

ಮುನಿಯಮ್ಮ ಓಡಿಬಂದು ತನ್ನ ಸೆರಗಿನಿಂದ ನನ್ನ ಬೆನ್ನು ಮುಚ್ಚಿದಳು. "ಬಗ್ಗಿ ಬಾ ಅಂತ ಹೇಳ್ಲಿಲ್ವೇನೇ ನಮ್ಮವ್ವ" ಎಂದು ಬೈದಳು. ಅಲ್ಲಿಯವರೆಗೆ ಅವಳು ನನ್ನನ್ನು ಏನೇ ಎಂದು ಕರೆದಿರಲಿಲ್ಲ.

ಆಸ್ಪತ್ರೆಯ ಹೆರಿಗೆ ಕೋಣೆಯಲ್ಲಿ ಲಚ್ಚಿಯೂ ನಾನೂ ಬೆನ್ನು ತಿರುಗಿಸಿ ಪಕ್ಕಪಕ್ಕ ಕೂತೆವು. ಯರ್ರಮ್ಮ ಈ ಸಲ ಹತ್ತಿರ ಬಂದಳು. ಅವಳ ಬೆರಳು ಮೊದಲು ನನ್ನ ಗಾಯದ ಅಂಚು ಮುಟ್ಟಿತು, ಆಮೇಲೆ ಲಚ್ಚಿಯ ಕಲೆಯನ್ನು ಮುಟ್ಟಿತು. ಮುಟ್ಟಿದಳು ಎನ್ನುವುದನ್ನು ಲಚ್ಚಿ ಬೆನ್ನಿನಲ್ಲೇ ಅರಿತು ಅಳಲು ಶುರುಮಾಡಿದಳು.

"ಇದೇಂದಿರಾ ದೇವುಡಾ" ಎಂದಳು ಯರ್ರಮ್ಮ. "ಒಂದೇ ಅಚ್ಚು. ಅದೇ ಜಾಗ, ಅದೇ ಅಗಲ."

ಮುನಿಯಮ್ಮ ನನ್ನ ಗಾಯ ತೊಳೆದು, ಹರಳು ಹೆಕ್ಕಿ, ನಾನು ಕಲಿಸಿದ ಹಾಗೆಯೇ ಹೆಗಲ ಮೇಲಿಂದ ಪಟ್ಟಿ ಹಾಯಿಸಿ ಕಟ್ಟಿದಳು. ಎಲ್ಲ ಮುಗಿದರೂ ಚೀಟಿ ಬರೆಯುವುದು ಬಾಕಿ ಇತ್ತು. ರೋಗಿ ನಾನು, ನಾನೇ ಬರೆದುಕೊಳ್ಳುವಂತಿಲ್ಲ. ಶ್ರೀಕಂಠಯ್ಯನವರ ಮೇಜಿನ ಮುಂದೆ ಹೋಗಿ ನಿಂತೆ. ಬಾಗಿಲಲ್ಲಿ ಗೋವಿಂದಪ್ಪನವರು, ಅವರನ್ನು ಒತ್ತರಿಸಿಕೊಂಡು ಯರ್ರಮ್ಮ, ಹಿಂದೆ ಜಗಲಿ ತುಂಬ ಹೆಂಗಸರು.

"ಬರೀರಿ ಸಾರ್" ಎಂದೆ. "ಹೆಸರು ನಂದು. ಇಪ್ಪತ್ತೆರಡೋ ಮೂವತ್ತೊಂದೋ ನೀವೇ ಹೇಳಿ. ಬೆಳಿಗ್ಗೆ ನನಗೆ ಚರ್ಮರೋಗ ಇರಲಿಲ್ಲ."

ಶ್ರೀಕಂಠಯ್ಯನವರು ನಶ್ಯದ ಡಬ್ಬಿ ತೆಗೆದರು, ಏರಿಸದೆ ಮುಚ್ಚಿದರು. ಸಾಹುಕಾರರ ಕಡೆ ನೋಡಿದರು, ನನ್ನ ಕಡೆ ನೋಡಿದರು. ಅಡ್ಡಗೋಡೆಯ ಮೇಲೆ ದೀಪ ಇಡಲು ಅಂದು ಗೋಡೆಯೇ ಇರಲಿಲ್ಲ. ಪೆನ್ನು ಅದ್ದಿ ಮೂವತ್ತೊಂದು ಎಂದು ಬರೆದರು. ಕಾರಣದ ಜಾಗದಲ್ಲಿ, ನಾನು ಕೇಳದಿದ್ದರೂ, ಇಟ್ಟಿಗೆ ಗೂಡಿನ ಬಾಯಿ ಎಂದು ಬರೆದರು. ಆ ದಿನದಿಂದ ಅವರ ಮೇಲೆ ನನಗಿದ್ದ ಅಸಮಾಧಾನವೆಲ್ಲ ಹೋಯಿತು.

ಯರ್ರಮ್ಮ ಗೋವಿಂದಪ್ಪನವರ ಕಡೆ ತಿರುಗಿದಳು. "ಏನಯ್ಯಾ ಸಾಹುಕಾರ, ನಿನ್ನ ಗೂಡಿಗೆ ಬಾಯಿ ಗಿಡ್ಡ ಇಟ್ಟು ನಮ್ಮ ಸೊಸೆಗೆ ರೋಗ ಅಂತ ಹೆಸರಿಟ್ಯಲ್ಲಾ? ಬೆನ್ನು ಬಗ್ಗಿಸಿ ದುಡಿಯೋ ಹುಡ್ಗಿ ಇವ್ಳು, ಮಾವಿನ ಬುಟ್ಟಿ ಹೊರೋಕೆ ನಮ್ಗೆ ಇಂಥವ್ಳೇ ಬೇಕು. ಆದ್ರೆ ನಮ್ಮನೆ ಬಾಗ್ಲು ಎತ್ತರ ಐತೆ, ಗೊತ್ತಿರ್ಲಿ." ಸೊಸೆ ಎಂದಳು, ಎಲ್ಲರೂ ಕೇಳಿಸಿಕೊಂಡರು. ಮುನಿಯಮ್ಮ ಕೈಯಲ್ಲಿದ್ದ ಔಷಧಿಯ ಬಟ್ಟಲನ್ನು ಕೆಳಗಿಡುವುದನ್ನೂ ಮರೆತು ನಿಂತಿದ್ದಳು.

ಲಚ್ಚಿಯ ಮದುವೆ ಗೌನಿಪಲ್ಲಿಯ ತೋಪಿನಲ್ಲೇ ಆಯಿತು. ನಾನು ಹೋಗಿದ್ದೆ, ಬೆನ್ನು ಇನ್ನೂ ಪೂರ್ತಿ ಮಾಗಿರಲಿಲ್ಲ. ಯರ್ರಮ್ಮ ಬಂದ ನೆಂಟರಿಗೆಲ್ಲ, "ಈ ಡಾಕ್ಟ್ರಮ್ಮನಿಗೂ ನಮ್ಮ ಸೊಸೆಗೂ ಒಂದೇ ರೋಗ" ಎಂದು ಹೇಳಿ ತಾನೇ ನಗುತ್ತಿದ್ದಳು. ಬಾಯಲ್ಲಿ ನೀರೂರುವಂಥ ಹಣ್ಣು ಬುಟ್ಟಿ ತುಂಬ ಕಟ್ಟಿಕೊಟ್ಟಳು.

ಆ ಬುಟ್ಟಿಯ ಹಣ್ಣು ಮುಗಿಯುವ ಮೊದಲೇ ನನ್ನ ಕೆಲಸ ಹೋಯಿತು. ಸಾಹುಕಾರರು ಮರ್ಯಾದೆಯಿಂದಲೇ ಹೇಳಿ ಕಳಿಸಿದರು: ನಿಮ್ಮ ಸೇವೆ ಸಾಕು, ಹೋಗುವ ಮೊದಲು ಆ ನಂಬರುಗಳನ್ನು ತಿದ್ದಿ ಹೋದರೆ ಒಳ್ಳೆಯ ಶಿಫಾರಸು ಬರೆದುಕೊಡುತ್ತೇವೆ. "ನನ್ನ ಬೆನ್ನು ತಿದ್ದಿಕೊಟ್ಟರೆ ನಂಬರು ತಿದ್ದುತ್ತೇನೆ" ಎಂದು ಹೇಳಿ ಕಳಿಸಿದೆ. ಶಿಫಾರಸು ಇಲ್ಲದೆಯೇ ಮುಳಬಾಗಿಲಿಗೆ ಹೋದೆ. ಅಲ್ಲಿ ಹೆರಿಗೆ ಮಾಡಿಸುವವರು ಬೇಕಾಗಿತ್ತು, ನಾಲಿಗೆಯ ಬಗ್ಗೆ ಯಾರೂ ಕೇಳಲಿಲ್ಲ. ಮುಳಬಾಗಿಲಿನಲ್ಲಿ ಮೊದಲ ತಿಂಗಳು ಒಂಟಿತನ ಕಾಡಿತು, ಸುಳ್ಳೇಕೆ ಹೇಳಲಿ. ಸೋತೆನೇನೋ ಎಂದು ಒಮ್ಮೊಮ್ಮೆ ಅನ್ನಿಸುತ್ತಿತ್ತು.

ಮಳೆ ಹಿಡಿದ ಮೇಲೆ ಒಂದು ದಿನ ಬೆಂಗಳೂರಿಗೆ ಹೊರಟೆ. ಬೌರಿಂಗ್‌ಪೇಟೆಯಲ್ಲಿ ಹತ್ತಿದ ರೈಲು ಮಾಲೂರಿನಲ್ಲಿ ನಿಂತಿತು. ಗೂಡ್ಸ್ ಗಾಡಿಗೆ ಹೆಂಚು ತುಂಬುತ್ತಿದ್ದ ಹೆಂಗಸರ ಗುಂಪಿನಲ್ಲಿ ಮುನಿಯಮ್ಮ ಇದ್ದಳು. ನನ್ನನ್ನು ಕಂಡು ಓಡಿಬಂದಳು. ಕಿಟಕಿಯ ಹತ್ತಿರ ಬಂದವಳು ಕ್ಷೇಮಸಮಾಚಾರ ಕೇಳಲಿಲ್ಲ. ತಿರುಗಿ ನಿಂತು ಸೆರಗು ಸ್ವಲ್ಪ ಇಳಿಸಿದಳು. ಹಳೆಯ ಬಿಳಿ ಕಲೆ ಇತ್ತು. ಅದರ ಮೇಲೆ ಹೊಸದೊಂದೂ ಇರಲಿಲ್ಲ.

"ಕೋಲಾರದಿಂದ ಯಾರೋ ಬಂದು ನೋಡ್ಕೊಂಡು ಹೋದ್ರಮ್ಮ. ಬಾಯಿ ಎತ್ತರ ಮಾಡವ್ರೆ. ಬಾಷಾ ಸಾಬಿ ನಾವು ನಿಂತ್ಕೊಂಡು ಹೋಗೋ ಹಂಗೆ ಕಮಾನು ಕಟ್ಟವ್ನೆ."

"ತಾಯಿಗೆ ಸಿಟ್ಟು ಬರಲಿಲ್ವೇನೇ?"

"ಅವ್ಳಿಗ್ಯಾಕಮ್ಮ ಸಿಟ್ಟು? ಅವ್ಳೂ ಹೆಂಗ್ಸೇ ಅಲ್ವಾ."

ರೈಲು ಹೊರಟಿತು. ಬೆಂಗಳೂರಿನವರೆಗೂ ನಾನು ಬೆನ್ನು ಒರಗಿಸದೆ ನೆಟ್ಟಗೆ ಕೂತಿದ್ದೆ. ಆಗ ನೋವು ಇರಲಿಲ್ಲ, ಸಂತೋಷಕ್ಕೆ ಹಾಗೆ ಕೂತಿದ್ದೆ.

ಬೆನ್ನಿನ ಗುರುತನ್ನು ನಾನು ಇಂದಿಗೂ ಕಣ್ಣಾರೆ ನೋಡಿಲ್ಲ. ನೋಡಿದವರು ಮುನಿಯಮ್ಮ, ಯರ್ರಮ್ಮ, ಈಗ ಈ ಎಳೆಯ ಡಾಕ್ಟರು. ಮೊದಲಿನ ಇಬ್ಬರು ಬೆರಳಿನಿಂದ ಮುಟ್ಟಿ ತಿಳಿದುಕೊಂಡರು. ಮೂರನೆಯವನು ಮುಟ್ಟಿದ, ಉತ್ತರಕ್ಕೆ ಕಾಯಲಿಲ್ಲ; ಒಳ್ಳೆಯ ಹುಡುಗನೇ, ಅವಸರ ಜಾಸ್ತಿ. ನಾಳೆ ಕೆಮ್ಮು ತೋರಿಸಲು ಮತ್ತೆ ಬರಲು ಹೇಳಿದ್ದಾನೆ. ಹೋಗುತ್ತೇನೆ. ಅವನು ಸ್ಟೆತಾಸ್ಕೋಪ್ ಎತ್ತುವ ಮೊದಲೇ ಬೆನ್ನು ತಿರುಗಿಸಿ ಕೂತು ಹೇಳುತ್ತೇನೆ: ಬರ್ಕೋಪ್ಪ, ತರಚು ಗಾಯ, ಮೇಲ್ಬೆನ್ನು, ಕಾರಣ ಇಟ್ಟಿಗೆ ಗೂಡಿನ ಬಾಯಿ. ಚರ್ಮರೋಗ ಅಂತ ಬರೆದದ್ದನ್ನು ಅವನು ಹೊಡೆದುಹಾಕುವವರೆಗೆ ಆ ಕುರ್ಚಿಯಿಂದ ಏಳುವುದಿಲ್ಲ. ಹೊರಗೆ ಜನ ಕಾಯುತ್ತಿದ್ದರೆ ಅವರಿಗೂ ಒಳಗೆ ಬಂದು ನೋಡಲು ಹೇಳುತ್ತೇನೆ.